ಬೈಂದೂರಿನಲ್ಲಿ ತೆಗೆಸಿದ ಫಿಲಂ

ನಮ್ಮ ಮನೆಯಲ್ಲಿ ಎಕ್ಸ್‌ರೇ ಓದುವವಳು ನಾನು. ಡಾಕ್ಟರಲ್ಲ, ನರ್ಸಲ್ಲ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಟೀಚರು. ಆದರೂ ಅಬ್ಬಿಯ ಮೊಣಗಂಟಿನ ಫಿಲಂ ಬಂದರೆ ಅದನ್ನು ಮೊದಲು ಕಿಟಕಿಯ ಬೆಳಕಿಗೆ ಹಿಡಿಯುವವಳು ನಾನು, ಸ್ಕೇಲಿಟ್ಟು ಅಳೆಯುವವಳು ನಾನು, ತೀರ್ಪು ಕೊಡುವವಳೂ ನಾನೇ. ಅಲ್ಪವಿದ್ಯೆ ಮಹಾಗರ್ವ ಅಂತ ಮಕ್ಕಳಿಗೆ ವಾರಕ್ಕೊಮ್ಮೆಯಾದರೂ ಹೇಳುತ್ತೇನೆ. ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಕೇಳುವ ಜಾಯಮಾನ ನನ್ನದಲ್ಲ.

ಅಬ್ಬಿ ಅಂದರೆ ನನ್ನ ತಾಯಿ. ಉಪ್ಪುಂದದಲ್ಲಿ ನಮ್ಮದು ಇಬ್ಬರದೇ ಮನೆ. ನಾನು ಏಳನೇ ಕ್ಲಾಸಿನಲ್ಲಿರುವಾಗ ಅಪ್ಪಯ್ಯ ಜ್ವರ ಬಂದು ತೀರಿಕೊಂಡರು. ನಾನು ಮದುವೆಯಾಗಲಿಲ್ಲ. "ನಿನ್ ಬಾಯಿ ತಡ್ಕಂಬ ಗಂಡ್ ಇನ್ನೂ ಹುಟ್ಟಿಲ್ಲೆ" ಅಂತ ಅಬ್ಬಿ ನೆಂಟರೆದುರೇ ನಗಾಡುತ್ತಿದ್ದಳು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು ಹೌದು. ಆದರೆ ಆ ಸಿಟ್ಟಿನ ಬಾಯಿಗೆ ಇಷ್ಟು ವರ್ಷ ಅನ್ನ ಹಾಕಿದ್ದು ಅವಳ ತಲೆಯ ಮೇಲಿನ ಹೆಡಿಗೆ, ಮೀನಿನ ಬುಟ್ಟಿ.

ಬೆಳಿಗ್ಗೆ ದಡಕ್ಕೆ ಹೋಗಿ ಮೀನು ಕೊಂಡು ಬಸ್ಸಿನಲ್ಲಿ ತ್ರಾಸಿಯವರೆಗೆ, ಅಲ್ಲಿಂದ ಮನೆ ಮನೆಗೆ ನಡೆದು ಮಾರುವುದು ಅವಳ ಕಸುಬು. ಬಂಗುಡೆ, ಬೈಗೆ, ಸಿಕ್ಕಿದ ದಿನ ಕಾಣೆ ಮೀನು. ಜನ ಅಂದುಕೊಳ್ಳುವುದು ಮೀನಿನವರ ಕಾಲು ಸವೆಯುವುದು ನಡೆದು ನಡೆದು ಅಂತ. ಸುಳ್ಳು. ಒಂದೊಂದು ಮನೆಯ ಅಂಗಳದಲ್ಲೂ ಹೆಡಿಗೆ ಇಳಿಸಿ ಕುಕ್ಕರಗಾಲಿನಲ್ಲಿ ಕೂರಬೇಕು, ಚೌಕಾಸಿ ಮುಗಿಯುವ ತನಕ ಹಾಗೇ ಕೂತಿರಬೇಕು, ಆಮೇಲೆ "ಒಂದ್ ಕೈ ಕೊಡಿ ಅಮ್ಮ" ಅಂತ ಮನೆಯವರ ಕೈಯಲ್ಲಿ ಹೆಡಿಗೆ ಎತ್ತಿಸಿಕೊಂಡು, ಅಷ್ಟೂ ಭಾರದ ಸಮೇತ ಏಳಬೇಕು. ದಿನಕ್ಕೆ ಮೂವತ್ತು ಮನೆಯಾದರೆ ಮೂವತ್ತು ಸಲ. ಮೂವತ್ತೈದು ವರ್ಷ ಅದನ್ನೇ ಮಾಡಿದಳು. ನನಗೆ ಕೆಲಸ ಸಿಕ್ಕಿದ ಮೇಲೆ ಬಿಡು ಅಂದೆ, ಬಿಡಲಿಲ್ಲ. ಮನೆಯಲ್ಲಿ ಕೂತರೆ ಯಾರ ಹತ್ತಿರ ಮಾತಾಡುವುದು, ನೀನಂತೂ ಬೋರ್ಡಿನ ಹತ್ತಿರ ಮಾತಾಡುವವಳು ಅಂದಳು.

ಬಲಗಾಲು ಮೊದಲು ಊದಿತು. ಕುಂದಾಪುರದ ಮೂಳೆ ಡಾಕ್ಟರು ನಿಲ್ಲಿಸಿ ಎಕ್ಸ್‌ರೇ ತೆಗೆಸಿದರು. ಫಿಲಂ ಅನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ನನಗೂ ತೋರಿಸಿದರು. ತೊಡೆಯ ಮೂಳೆಗೂ ಕೆಳಗಿನ ಮೂಳೆಗೂ ಮಧ್ಯೆ ಒಂದು ಕಪ್ಪು ಗೆರೆಯಷ್ಟು ಜಾಗ. ಮೂಳೆಗೆ ಮೂಳೆ ಉಜ್ಜದ ಹಾಗೆ ಅಲ್ಲಿ ಒಂದು ಮೆತ್ತೆ ಇರುತ್ತದೆ, ಅದು ಫಿಲಂನಲ್ಲಿ ಕಾಣುವುದಿಲ್ಲ, ಅದಿರುವ ಜಾಗ ಮಾತ್ರ ಕಾಣುತ್ತದೆ, ಮೆತ್ತೆ ಸವೆದ ಹಾಗೆ ಜಾಗ ಕಿರಿದಾಗುತ್ತದೆ ಅಂದರು. ಎಷ್ಟು ಬೇಗ ಕಿರಿದಾಗುತ್ತದೆ ಅಂತ ನೋಡಲಿಕ್ಕೆ ವರ್ಷಕ್ಕೊಂದು ಸಲ ತೆಗೆಸಬೇಕಂತೆ. "ಇಲ್ಲೇ ತೆಗೆಸಿ ಟೀಚರೇ, ಪ್ರತಿ ಸಲ ಒಂದೇ ರೀತಿ ಇರಬೇಕು" ಅಂದರು. ಅವರ ಅಂಗಡಿಯೂ ನಡೆಯಬೇಕಲ್ಲ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಒಳ್ಳೆಯ ಮಾತಿಗೆ ನನ್ನ ಕಿವಿ ಹಾಗೇ.

ಇನ್ನೊಂದು ಮಾತನ್ನೂ ಹೇಳಿದರು. ಗಂಟು ಬದಲಿಸುವ ಆಪರೇಷನ್ ಇವತ್ತೇ ಆಗಬೇಕೆಂದಿಲ್ಲ, ಆದರೆ ತೀರಾ ತಡ ಮಾಡಬೇಡಿ, ಸಕ್ಕರೆ ಕಾಯಿಲೆ ಇದೆ, ವಯಸ್ಸಾಗುತ್ತಾ ಹೃದಯ ಹೇಗಿರುತ್ತದೋ ಗೊತ್ತಿಲ್ಲ ಅಂದರು. ಅಬ್ಬಿ ಅಲ್ಲೇ, ಅವರ ಟೇಬಲ್ಲಿನ ಎದುರೇ, "ಹಂಗಾರೆ ಈಗ್ಳೇ ಮಾಡ್ಸುವ ಹೆಣೆ" ಅಂದಳು. ಅವಳು ಮೀನು ಕೊಡುವ ತ್ರಾಸಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಆಪರೇಷನ್ ಆಗಿ ಮೂರು ತಿಂಗಳಿಗೆ ಗೇಟಿನ ತನಕ ನಡೆದು ಬಂದು ಮೀನು ಆರಿಸುತ್ತಿದ್ದರಂತೆ. ಅದನ್ನು ಕಣ್ಣಾರೆ ಕಂಡವಳು ಅವಳು. ಅವಳಿಗೆ ಹೆದರಿಕೆ ಇರಲಿಲ್ಲ.

ಹೆದರಿಕೆ ನನಗಿತ್ತು. ನಮ್ಮ ಕೇರಿಯಲ್ಲೇ ಒಬ್ಬರು ಆಪರೇಷನ್ ಆದ ಮೇಲೆ ಕೀವಾಗಿ ವರ್ಷಗಟ್ಟಲೆ ಮಲಗಿದ್ದರು. ಅದನ್ನೇ ದೊಡ್ಡದು ಮಾಡಿ ಹೇಳಿದೆ. ಹೇಳದೆ ಇದ್ದದ್ದು ಇನ್ನೊಂದು ಇದೆ, ಈಗ ಬರೆಯುತ್ತೇನೆ. ಮೂರು ತಿಂಗಳು ಅವಳ ಹತ್ತಿರ ಇರಬೇಕಾಗುತ್ತದೆ. ನನ್ನದು ಎಸ್ಸೆಸ್ಸೆಲ್ಸಿ ಕ್ಲಾಸು. ನಮ್ಮ ಶಾಲೆಯಲ್ಲಿ ಗಣಿತದಲ್ಲಿ ಒಬ್ಬರೂ ಫೇಲಾಗುವುದಿಲ್ಲ ಎಂಬ ಹೆಸರು ನನ್ನಿಂದ ಬಂದದ್ದು, ಅದು ನನಗೆ ಬೇಕಿತ್ತು. ರಜೆ ಹಾಕಿದರೆ ಯಾರೋ ಬಂದು ಏನೋ ಕಲಿಸಿ ಹೆಸರು ಹಾಳು ಮಾಡುತ್ತಾರೆ ಎಂಬ ಚಿಂತೆ. ಹಾಗಂತ ಅಬ್ಬಿಗೆ ಹೇಳಲಿಕ್ಕೆ ಆಗುತ್ತದೆಯೇ? "ಜಾಗ ಇನ್ನೂ ಸಾಕಷ್ಟಿತ್ತ್, ಅವಸರ ಬ್ಯಾಡ" ಅಂದೆ. ಮನೆಗೆ ಬಂದು ಫಿಲಂನ ಮೇಲೆ ಸ್ಕೇಲಿಟ್ಟೆ. ಒಳಬದಿಯಲ್ಲಿ ನಾಲ್ಕು ಮಿಲಿಮೀಟರ್. ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೆ.

ಮರುವರ್ಷವೂ ಕುಂದಾಪುರದಲ್ಲೇ ತೆಗೆಸಿದೆವು. ಅಳೆದರೆ ಮೂರಕ್ಕೂ ಒಂದು ಕೂದಲೆಳೆ ಕಡಿಮೆ. ಡಾಕ್ಟರು ಈ ಸಲ ನೇರವಾಗಿ ಹೇಳಿದರು, ಮುಂದಿನ ವರ್ಷ ಇನ್ನೂ ಇಳಿದರೆ ಯೋಚನೆ ಮಾಡುತ್ತಾ ಕೂರಬೇಡಿ ಅಂತ. ನಾನು ಯೋಚನೆ ಮಾಡಿದೆ. ಊರ ದೇವಸ್ಥಾನಕ್ಕೆ ಹೋಗಿ ಹರಕೆ ಹೊತ್ತೆ. ಜಾಗ ಇಳಿಯದೆ ನಿಂತರೆ ಬೆಳ್ಳಿಯ ಕಾಲೊಂದನ್ನು ಹಾಕುತ್ತೇನೆ, ಅಬ್ಬಿ ಬರಿಗಾಲಿನಲ್ಲಿ ಇಪ್ಪತ್ತೊಂದು ಸುತ್ತು ಬರುತ್ತಾಳೆ ಅಂತ. ನಮ್ಮ ಕಡೆ ಹೀಗೆ ಒಬ್ಬರ ಮೈಗೆ ಇನ್ನೊಬ್ಬರು ಹರಕೆ ಹೊರುವುದು ಇದ್ದದ್ದೇ. ಹೊತ್ತವಳು ನಾನು, ತೀರಿಸಬೇಕಾದ ಕಾಲು ಅವಳದು. ಗಣಿತದ ಟೀಚರಿಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಆ ವರ್ಷ ಪೂರ್ತಿ ಅವಳು ನೋವು ನೋವು ಅನ್ನುತ್ತಲೇ ಇದ್ದಳು. ರಾತ್ರಿ ಎಣ್ಣೆ ತಿಕ್ಕುವಾಗ ಅನ್ನುತ್ತಿದ್ದಳು, ಬಚ್ಚಲಿನ ಮೆಟ್ಟಿಲು ಹತ್ತುವಾಗ ಅನ್ನುತ್ತಿದ್ದಳು, ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತಾಗ ಬಾಗಿಲಿಗೆ ಬಂದು ನಿಂತು ಅನ್ನುತ್ತಿದ್ದಳು. ಒಂದು ದಿನ ನನಗೆ ತಲೆ ಕೆಟ್ಟು ಹೋಯಿತು. ಮಕ್ಕಳ ಎರಡು ಕಟ್ಟು ಪೇಪರು ಬಾಕಿ, ಬೆಳಿಗ್ಗೆ ಹೆಡ್‌ಮಾಸ್ತರಿಗೆ ಕೊಡಬೇಕು. "ಎಂತ ಅಬ್ಬಿ ಇದ್? ಊರಲ್ಲಿ ನಿಂಗ್ ಒಬ್ಳಿಗೇ ಕಾಲ್ ಇಪ್ಪುದಾ? ದಿನಾ ನಾಟಕ. ಫಿಲಂನಲ್ಲಿ ಕಾಂಬುದ್ಕಿಂತ ಹೆಚ್ಚ್ ನೋವ್ ನಿಂಗೆ ಇಪ್ಪುಕೆ ಸಾಧ್ಯವೇ ಇಲ್ಲೆ" ಅಂದೆ. ಅಂದದ್ದು ಅಷ್ಟೇ ಅಲ್ಲ, ಇನ್ನೂ ಅಂದೆ. ನಾನು ಶಾಲೆಯಲ್ಲಿ ದಿನಪೂರ್ತಿ ನಿಂತೇ ಪಾಠ ಮಾಡುತ್ತೇನೆ, ನನಗೆ ನೋಯುವುದಿಲ್ಲವಾ ಅಂತಲೂ ಕೇಳಿದೆ. ಅವಳು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಎಂದಿನ ಹಾಗೆ ಸಿಂಬೆ ಸುತ್ತಿಕೊಂಡು ಬಸ್ಸಿಗೆ ಹೊರಟಳು.

ಮೂರನೆಯ ಎಕ್ಸ್‌ರೇ ಸಮಯಕ್ಕೆ ನಮ್ಮ ಶಾಲೆಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ. ಕುಂದಾಪುರಕ್ಕೆ ಹೋಗಿ ಡಾಕ್ಟರಿಗೆ ಕಾದು ಬರುವಾಗ ಒಂದು ದಿನ ಪೂರ್ತಿ ಹೋಗುತ್ತದೆ. ಬೈಂದೂರು ಹತ್ತಿರ, ಅಲ್ಲೇ ಒಂದು ಕಡೆ ತೆಗೆಸಿದರಾಯಿತು, ಮೂಳೆ ಎಲ್ಲಿ ತೆಗೆದರೂ ಮೂಳೆಯೇ ಅಲ್ಲವಾ ಅಂದುಕೊಂಡೆ. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಅವಳನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಅಲ್ಲಿ ವಿಪರೀತ ಜನ. ನಮ್ಮ ಟೋಕನ್ನಿನ ನಂತರದವರನ್ನು ಮೊದಲು ಕರೆದರೆಂದು ನಾನು ಕೌಂಟರಿನಲ್ಲಿದ್ದವರ ಹತ್ತಿರ ಜಗಳಕ್ಕೆ ನಿಂತೆ. ನನ್ನ ಬಾಯಿ ಏರಿದ ಮೇಲೆ ಬಿಡುವ ಪೈಕಿಯಲ್ಲ. ಅಷ್ಟರಲ್ಲಿ ಒಳಗಿಂದ ಅಬ್ಬಿಯನ್ನು ಕರೆದರು, ಅವಳು ಗೋಡೆ ಹಿಡಿದುಕೊಂಡು ಒಬ್ಬಳೇ ಹೋದಳು. ನಾನು ಜಗಳ ಗೆದ್ದು ತಿರುಗಿ ನೋಡುವಾಗ ಅವಳು ಸೆರಗು ಸರಿ ಮಾಡಿಕೊಳ್ಳುತ್ತಾ ಹೊರಗೆ ಬರುತ್ತಿದ್ದಳು.

ಮನೆಗೆ ಬಂದವಳೇ ಕಿಟಕಿಗೆ ಹಿಡಿದೆ. ಸ್ಕೇಲಿಟ್ಟೆ. ನಾಲ್ಕೂವರೆ. ಇನ್ನೊಮ್ಮೆ ಇಟ್ಟೆ, ಕನ್ನಡಕ ಒರೆಸಿ ಮತ್ತೊಮ್ಮೆ ಇಟ್ಟೆ. ನಾಲ್ಕೂವರೆಯೇ. ನಾನು ಸಣ್ಣ ಮಗುವಿನ ಹಾಗೆ ನಕ್ಕುಬಿಟ್ಟೆ. "ಅಬ್ಬಿ, ಜಾಗ ದೊಡ್ಡದಾಯ್ದ್! ದೇವ್ರ್ ಇದ್ದ ಕಾಣ್" ಅಂದೆ. ಹರಕೆಯೋ ಎಣ್ಣೆಯೋ ಯಾವುದು ಕೆಲಸ ಮಾಡಿತೋ ನನಗೆ ಬೇಕಾಗಿರಲಿಲ್ಲ, ಅಂಕಿ ಸಾಕಿತ್ತು. ಅವಳು ಮಂಚದ ಮೇಲೆ ಕಾಲು ನೀಡಿ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. "ಹೌದಾ" ಅಂದಳು, ಅಷ್ಟೇ. ಡಾಕ್ಟರಿಗೆ ತೋರಿಸುವ ಅಗತ್ಯವೇ ನನಗೆ ಕಾಣಲಿಲ್ಲ. ಆಪರೇಷನ್ ಮಾತು ಅಂದಿಗೆ ಮುಗಿಯಿತು.

ಬೆಳ್ಳಿ ಕಾಲು ಮಾಡಿಸಿದೆ. ಒಂದು ಸೋಮವಾರ ಅವಳನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಸುತ್ತು ಬರಿಸಿದೆ. ಅಂಗಣದ ಕಲ್ಲು ಕಾದಿತ್ತು. ಆರು ಸುತ್ತಿಗೆ ಅವಳ ತುಟಿ ಒಣಗಿತು. ಹದಿನಾಲ್ಕನೆಯ ಸುತ್ತಿಗೆ ಗೋಡೆಯ ಬದಿಗೆ ಕೂತುಬಿಟ್ಟಳು. ಅರ್ಚಕರು ಸಾಕಮ್ಮ, ದೇವರಿಗೆ ಅಷ್ಟು ಸಾಕು, ಉಳಿದದ್ದು ನೀವೇ ಬನ್ನಿ ಅಂತ ನನಗೆ ಹೇಳಿದರು. ನಾನು ಒಪ್ಪಲಿಲ್ಲ ಮಾರಾಯ್ರೆ. ಹೇಳಿಕೊಂಡದ್ದು ಅವಳ ಕಾಲು, ಲೆಕ್ಕ ತಪ್ಪಬಾರದು ಅಂದೆ. "ಇನ್ನ್ ಏಳೇ ಅಬ್ಬಿ, ಏಳ್" ಅಂದೆ. ಎದ್ದಳು. ಕಂಬ ಹಿಡಿದು, ಗೋಡೆ ಹಿಡಿದು, ನನ್ನ ಕೈ ಹಿಡಿದು ಏಳು ಸುತ್ತು ಮುಗಿಸಿದಳು. ಅವಳ ಬಲಗಾಲು ಆಗಲೇ ಬಿಲ್ಲಿನ ಹಾಗೆ ಹೊರಗೆ ಬಾಗಿತ್ತು. ದಾರಿಯಲ್ಲಿ ಹೋಗುವವರಿಗೂ ಕಾಣುವಷ್ಟು ಬಾಗಿತ್ತು. ನಾನು ಫಿಲಂ ನೋಡಿದವಳು, ಕಾಲು ನೋಡಲಿಲ್ಲ.

ಅದಾಗಿ ಎರಡು ವರ್ಷ ಅವಳು ನನ್ನ ಹತ್ತಿರ ಒಂದು ದಿನವೂ ನೋವು ಅನ್ನಲಿಲ್ಲ. ನನಗೆ ಅದೂ ಗುಣವಾದ ಲಕ್ಷಣವೇ ಆಗಿ ಕಂಡಿತು. ಮನೆಗಳನ್ನು ಮೂವತ್ತರಿಂದ ಹತ್ತಕ್ಕೆ ಇಳಿಸಿದ್ದಳಂತೆ. ಅಂಗಳದಲ್ಲಿ ಕೂರದೆ ಹೆಡಿಗೆಯನ್ನು ಜಗಲಿಯ ಮೇಲೆ ಇಳಿಸಿ ನಿಂತೇ ಮಾರುತ್ತಿದ್ದಳಂತೆ. ಇದೆಲ್ಲ ನನಗೆ ಆಮೇಲೆ ತ್ರಾಸಿಯವರು ಹೇಳಿ ಗೊತ್ತಾದದ್ದು. ಹೋದ ವರ್ಷ ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಅವಳು ಬಸ್ಸಿನ ಮೆಟ್ಟಿಲಿನಿಂದ ಇಳಿಯುವಾಗ ಕಾಲು ಮಡಚಿಕೊಂಡು ಬಿದ್ದಳು. ಕಂಡಕ್ಟರ್ ನನ್ನ ಶಾಲೆಗೆ ಫೋನ್ ಮಾಡಿದ. ನಾನು ಹೋಗಿ ನೋಡುವಾಗ ತ್ರಾಸಿಯ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಳು, ಸುತ್ತ ಬಂಗುಡೆ ಚೆಲ್ಲಿತ್ತು. ಏದುಸಿರು ಬಿಡುತ್ತಿದ್ದಳು.

ಯಾರೋ ಹೇಳಿದರೆಂದು ಈ ಸಲ ಬ್ರಹ್ಮಾವರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೂರೂ ಫಿಲಂ ತೆಗೆದುಕೊಂಡು ಹೋಗಿದ್ದೆ, ನೋಟ್‌ಬುಕ್ಕನ್ನೂ. ಡಾಕ್ಟರು ಮೂರನ್ನೂ ಸಾಲಾಗಿ ಸಿಕ್ಕಿಸಿದರು. ನಾನು ಉತ್ಸಾಹದಲ್ಲಿ, ಮೊದಲು ನಾಲ್ಕಿತ್ತು, ಮೂರಾಯಿತು, ಆಮೇಲೆ ನಾಲ್ಕೂವರೆ ಆಗಿದೆ ಅಂತ ಪಾಠ ಒಪ್ಪಿಸಿದೆ. ಅವರು ಮೂರನೆಯ ಫಿಲಂನ ಹತ್ತಿರ ಮುಖ ತಂದು ಸ್ವಲ್ಪ ಹೊತ್ತು ನೋಡಿದರು. ಸವೆದ ಮೆತ್ತೆ ಹಾಗೆಲ್ಲ ತಿರುಗಿ ಬೆಳೆಯುವುದಿಲ್ಲ ಟೀಚರೇ ಅಂದರು. ಆಮೇಲೆ ನನ್ನನ್ನು ಬಿಟ್ಟು ಅಬ್ಬಿಯ ಕಡೆಗೆ ತಿರುಗಿ, "ಅಮ್ಮ, ಬೈಂದೂರಿನಲ್ಲಿ ಇದನ್ನು ನಿಂತು ತೆಗೆದದ್ದಾ, ಮಲಗಿ ತೆಗೆದದ್ದಾ?" ಅಂತ ಕೇಳಿದರು.

"ಮಲ್ಕಂಡ್" ಅಂದಳು ಅಬ್ಬಿ. "ಆ ಹೆಂಗ್ಸ್ ನಿಂತ್ಕಣಿ ಅಂದ್ಳ್. ಕಾಲಿಗೆ ಭಾರ ಹಾಕುಕೆ ಆಯ್ಲಿಲ್ಲೆ ಡಾಕ್ಟ್ರೆ, ಬಿದ್ದ್ ಹೋಪ್ ಹಂಗ್ ಆಯ್ತ್. ಹಂಗಾರೆ ಮಲ್ಕಣಿ ಅಮ್ಮ ಅಂದ್ಳ್."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ನನಗೂ ತಿರುಗಿ ಹೇಳಲಿಕ್ಕೆ ಏನಾದರೂ ಸಿಗುತ್ತಿತ್ತು. ನಿಧಾನಕ್ಕೆ ವಿವರಿಸಿದರು. ನಿಂತಾಗ ಮೈಯ ಭಾರ ಗಂಟಿನ ಮೇಲೆ ಬಿದ್ದು ಉಳಿದಿರುವ ಜಾಗ ಎಷ್ಟೆಂದು ಸರಿಯಾಗಿ ಕಾಣುತ್ತದೆ. ಮಲಗಿದಾಗ ಭಾರವಿಲ್ಲ, ಮೂಳೆ ಎರಡೂ ಬಿಟ್ಟುಕೊಂಡು ಜಾಗ ಇದ್ದ ಹಾಗೆ ಕಾಣುತ್ತದೆ. ನಿಂತು ತೆಗೆದದ್ದನ್ನೂ ಮಲಗಿ ತೆಗೆದದ್ದನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವ ಹಾಗಿಲ್ಲ. ಅದೂ ಅಲ್ಲದೆ ಫಿಲಂ ಅನ್ನು ಒಂದೊಂದು ಕಡೆ ಒಂದೊಂದು ಅಳತೆಗೆ ಪ್ರಿಂಟ್ ಮಾಡುತ್ತಾರೆ, ಅದರ ಮೇಲೆ ಸ್ಕೇಲಿಟ್ಟರೆ ಪ್ರಯೋಜನವಿಲ್ಲ ಅಂದರು. ನಾನು ನೋಟ್‌ಬುಕ್ಕನ್ನು ಮೆಲ್ಲಗೆ ಬ್ಯಾಗಿಗೆ ಹಾಕಿದೆ. ಕಾಲು ನಿಲ್ಲಲಾರದಷ್ಟು ಹಾಳಾದದ್ದರಿಂದ ಮಲಗಿಸಿದ್ದು, ಮಲಗಿಸಿದ್ದರಿಂದ ಜಾಗ ಕಂಡದ್ದು. ಆ ಜಾಗ ನೋಡಿ ನಾನು ಕೇಕೆ ಹಾಕಿದ್ದು, ಹರಕೆ ತೀರಿಸಿದ್ದು. ನನ್ನ ಕ್ಲಾಸಿನ ಕೊನೆಯ ಬೆಂಚಿನ ಹುಡುಗಿಯೂ ಕೇಳುತ್ತಿದ್ದಳು ಟೀಚರೇ ಎರಡಕ್ಕೂ ಏಕಮಾನ ಒಂದೇನಾ ಅಂತ. ನಾನು ಕೇಳಲಿಲ್ಲ.

ಅಲ್ಲೇ ಮತ್ತೊಂದು ತೆಗೆದರು. ಈ ಸಲ ನಾನೂ ಒಳಗೆ ಹೋದೆ. ಭಾರದ ಏಪ್ರನ್ ಹಾಕಿ ಹಿಂದಿನಿಂದ ಅವಳ ಕಂಕುಳ ಕೆಳಗೆ ಕೈ ಕೊಟ್ಟು ನಿಲ್ಲಿಸಿದೆ. ಆದರೆ ಹಾಗೆ ಎತ್ತಿ ಹಿಡಿಯಬಾರದು, ಭಾರ ಅವರ ಕಾಲಿನ ಮೇಲೇ ಬೀಳಬೇಕು ಅಂದರು. ಕೈ ಸಡಿಲ ಬಿಟ್ಟೆ. ಅವಳು ಹಲ್ಲು ಕಚ್ಚಿಕೊಂಡು ನಿಂತಳು. ಫಿಲಂ ಬಂತು. ಜಾಗ ಇರಲಿಲ್ಲ. ಮೂಳೆಯ ಮೇಲೆ ಮೂಳೆ ಕೂತಿತ್ತು, ಅಂಚಿನಲ್ಲಿ ಮುಳ್ಳಿನ ಹಾಗೆ ಬೆಳೆದಿತ್ತು. ಅಳೆಯಲಿಕ್ಕೆ ಏನೂ ಇರಲಿಲ್ಲ.

ಮಾಡಿಸಿಯೇ ಬಿಡುವ ಡಾಕ್ಟ್ರೇ, ನಾಳೆಯೇ ಮಾಡಿಸುವ ಅಂದೆ. ರಜೆ ಎಷ್ಟು ಬೇಕಾದರೂ ಹಾಕುತ್ತೇನೆ ಅಂದೆ, ಅವರು ಅದನ್ನು ಕೇಳಿರಲೂ ಇಲ್ಲ. ಅವರು ಹೃದಯದ ಪರೀಕ್ಷೆಗೆ ಕಳಿಸಿದರು. ಅದರ ರಿಪೋರ್ಟ್ ನೋಡಿದ ಹೃದಯದ ಡಾಕ್ಟರು ನನ್ನೊಬ್ಬಳನ್ನೇ ಒಳಗೆ ಕರೆದರು. ಹೃದಯ ತುಂಬ ಸೋತಿದೆ, ಆಪರೇಷನ್ ಟೇಬಲ್ಲಿನ ಮೇಲೇ ಏನಾದರೂ ಆಗಬಹುದು, ಈಗ ಬೇಡ ಅಂದರು. ಈಗ ಬೇಡವಾದರೆ ಯಾವಾಗ ಅಂತ ಕೇಳಿದೆ. ಅವರು ತಿರುಗಿ, ಎರಡು ವರ್ಷದ ಹಿಂದೆ ಯಾಕೆ ಬರಲಿಲ್ಲ ಅಂತ ಕೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ಗಾದೆ ಕಟ್ಟಿದವರು ನನ್ನಂಥವರನ್ನು ಕಂಡೇ ಕಟ್ಟಿದ್ದಿರಬೇಕು. ನಾನು ಅವರ ಎದುರಿನ ಕುರ್ಚಿಯಲ್ಲಿ ಕೂತು ಗೊಳೋ ಅಂತ ಅತ್ತೆ. ನಾಚಿಕೆಯಾಗಲಿಲ್ಲ.

ಹೊರಗೆ ಅಬ್ಬಿ ಗಾಲಿಕುರ್ಚಿಯಲ್ಲಿ ಕಾಯುತ್ತಿದ್ದಳು. ನಾನು ಅವಳ ಮುಂದೆ ಕೂತೆ. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ, ಹತ್ತಿರ ಇದ್ದವಳು ಅವಳು. "ನಿಲ್ಲುಕೆ ಆಯ್ಲಿಲ್ಲೆ ಅಂದೇಳಿ ಅವತ್ತೇ ಎಂತಕ್ಕೆ ಹೇಳ್ಲಿಲ್ಲೆ ನೀ?" ಅಂತ ಕೇಳಿದೆ.

"ನೀ ಕೇಂಡ್ಯಾ?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಹೇಳಿರೆ ನಾಟಕ ಅಂತಿದ್ದೆ" ಅಂದಳು.

ಅವತ್ತಿನಿಂದ ಅವಳು ಮಂಚ ಹಿಡಿದಿದ್ದಾಳೆ. ನಾನು ದೀರ್ಘ ರಜೆ ಹಾಕಿದ್ದೇನೆ, ನನ್ನ ಕ್ಲಾಸಿಗೆ ಹೊಸಬರು ಯಾರೋ ಬಂದು ಪಾಠ ಮಾಡುತ್ತಿದ್ದಾರೆ, ಮಕ್ಕಳು ಪಾಸಾಗುತ್ತಾರೆ. ಎತ್ತಿ ಕೂರಿಸುವುದು, ಬಚ್ಚಲಿಗೆ ಒಯ್ಯುವುದು, ಮಗ್ಗುಲು ತಿರುಗಿಸುವುದು ಎಲ್ಲ ನಾನೇ. ಕಾಲು ಮುಟ್ಟಿದರೆ ಸಾಕು ಅವಳ ಮುಖ ಬಿಳಿಚುತ್ತದೆ, ಮುಷ್ಟಿ ಬಿಗಿಯಾಗುತ್ತದೆ. ದಿನಕ್ಕೆ ಹತ್ತು ಸಲ ಕೇಳುತ್ತೇನೆ, ನೋಯುತ್ತಾ ಅಬ್ಬಿ, ಎಲ್ಲಿ ನೋಯುತ್ತದೆ ಹೇಳು, ಬೈಯುವುದಿಲ್ಲ, ದೇವರಾಣೆ ಬೈಯುವುದಿಲ್ಲ, ಒಂದು ಸಲ ಹೇಳು. "ಅಡ್ಡಿಲ್ಲೆ" ಅನ್ನುತ್ತಾಳೆ. ನಿನ್ನೆ ಕಾಲು ಹಿಡಿದುಕೊಂಡು ಅತ್ತೆ, ಆಗಲೂ ಅಷ್ಟೇ ಅಂದಳು. ನೋವಾಗುತ್ತದೆ ಅನ್ನುವ ಒಂದು ಮಾತನ್ನು ಅವಳ ಬಾಯಿಗೆ ಮರೆಸಿದವಳು ನಾನು, ಈಗ ತಿರುಗಿ ಕಲಿಸಲಿಕ್ಕೆ ನನ್ನಿಂದ ಆಗುತ್ತಿಲ್ಲ.